ಬೆಟ್ಟದ ದಾರಿಗೆ ಎಂಥ ಪುಸ್ತಕ?

ಮಳೆಗಾಲ ಮುಗಿದು ದಸರೆಯ ಹೊತ್ತಿಗೆ ಆಕಾಶವು ತಿಳಿಯಾದೊಡನೆ ಮಂಗಳೂರಿನ ತರುಣರ ಮನಸ್ಸು ಪೂರ್ವದಿಕ್ಕಿನ ಘಟ್ಟಗಳತ್ತ ಹೊರಳುವುದು ಸಹಜ. ಕುದುರೆಮುಖ, ಕುಮಾರಪರ್ವತಗಳು ಇಲ್ಲಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿವೆ. ಬಲ್ಮಠದ ಸುತ್ತಲಿನ ಕಾಲೇಜುಗಳಲ್ಲಿ ಓದುವ ಮಕ್ಕಳು ನಾಲ್ಕಾರು ಮಂದಿ ಜೊತೆಗೂಡಿ ಚಾರಣಕ್ಕೆ ಹೊರಡುತ್ತಾರೆ. ಮನೆಯ ಹಿರಿಯರು ಬುತ್ತಿಯ ವಿಚಾರ, ಹೊದಿಕೆಯ ವಿಚಾರ ಕೇಳುತ್ತಾರೆ. ಆದರೆ, ‘ದಾರಿಗೆ ಯಾವ ಪುಸ್ತಕವನ್ನು ನಂಬಿ ಹೊರಟಿರುವಿರಿ?’ ಎಂದು ಕೇಳುವವರು ವಿರಳ. ಈ ಪ್ರಶ್ನೆಯು ಬುತ್ತಿಯ ಪ್ರಶ್ನೆಗಿಂತ ಮೊದಲು ಬರಬೇಕೆಂಬುದು ನಮ್ಮ ಅಭಿಪ್ರಾಯ. ಬುತ್ತಿ ಕಡಿಮೆಯಾದರೆ ಒಂದು ಹೊತ್ತಿನ ಹಸಿವು. ದಾರಿ ತಪ್ಪಿದರೆ ಪ್ರಾಣಕ್ಕೇ ಸಂಚಕಾರ.

ಪುಸ್ತಕವನ್ನು ಪರೀಕ್ಷಿಸುವ ಬಗೆಯನ್ನು ಕಲಿಯಲು ಬಲ್ಮಠಕ್ಕಿಂತ ತಕ್ಕ ಸ್ಥಳ ಬೇರೊಂದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1841ರಲ್ಲಿ ಈ ಗುಡ್ಡದ ಮೇಲೆ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿದರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಬಂದಿತು. ಹೆರ್ಮನ್ ಮೋಗ್ಲಿಂಗರು ಪ್ರಕಟಿಸಿದ ಪ್ರಾಚೀನ ಕಾವ್ಯಮಾಲೆಯಲ್ಲಿ ನಮ್ಮ ಬಸವಪುರಾಣವೂ ಅಚ್ಚಾಯಿತು. ಫರ್ಡಿನಾಂಡ್ ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನ ಈ ಮಿಷನ್ನಿನ ಅಚ್ಚುಕೂಟದಿಂದಲೇ ಬೆಳಕು ಕಂಡಿತು. ಆ ನಿಘಂಟಿನ ಒಂದು ಗುಣವನ್ನು ಇಲ್ಲಿ ಸ್ಮರಿಸಬೇಕು. ಶಬ್ದದ ಅರ್ಥವನ್ನು ಹೇಳಿ ಸುಮ್ಮನಾಗದೆ, ಆ ಶಬ್ದ ಯಾವ ಗ್ರಂಥದಿಂದ ಬಂದಿತೆಂಬುದನ್ನು ಕಿಟ್ಟೆಲರು ಸಂಕೇತಾಕ್ಷರಗಳಿಂದ ಸೂಚಿಸಿದ್ದಾರೆ. ಸಂಶಯವುಳ್ಳವನು ಆ ಗ್ರಂಥವನ್ನೇ ತೆರೆದು ನೋಡಬಹುದು. ಓದುಗನಿಗೆ ತನ್ನನ್ನೇ ಪರೀಕ್ಷಿಸುವ ಅವಕಾಶ ಕೊಡುವ ಪುಸ್ತಕ ನಂಬಿಕೆಗೆ ಅರ್ಹ. ನಿಘಂಟಿಗೆ ಸಲ್ಲುವ ಈ ಮಾತು ಬೆಟ್ಟದ ಮಾರ್ಗದರ್ಶಿಗೂ ಸಲ್ಲುತ್ತದೆ.

ಹೀಗೆ ಪರೀಕ್ಷೆಗೆ ತೊಡಗುವವರು ಮೊದಲು ನೋಡಬೇಕಾದುದು ರಕ್ಷಾಪುಟದ ಸುಂದರ ಚಿತ್ರವನ್ನಲ್ಲ, ಮುದ್ರಣದ ವರ್ಷವನ್ನು. ಕುದುರೆಮುಖದ ನಿದರ್ಶನವನ್ನೇ ಗಮನಿಸೋಣ. ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಈ ಅರಣ್ಯವನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಆಗ ಅಲ್ಲಿ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿತ್ತು. ಗಣಿಯ ಪಟ್ಟಣದಲ್ಲಿ ಶಾಲೆ, ಆಸ್ಪತ್ರೆ, ಅತಿಥಿಗೃಹಗಳಿದ್ದವು, ಜನಸಂಚಾರವಿತ್ತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಬಹುಪಾಲು ಕುಟುಂಬಗಳು ಊರು ಬಿಟ್ಟವು. ಅದಕ್ಕೆ ಮೊದಲು ಬರೆದ ಪುಸ್ತಕದಲ್ಲಿ ಅಲ್ಲಿನ ವಸತಿ, ವಾಹನ ಸೌಕರ್ಯಗಳನ್ನು ಓದಿ ಹೊರಟವನ ಗತಿಯೇನು? ಬೆಟ್ಟದ ಮೇಲೆ ಡೇರೆ ಹಾಕಿ ರಾತ್ರಿ ಕಳೆಯಬಹುದೆಂದು ಹಳೆಯ ಬರವಣಿಗೆಗಳಲ್ಲಿ ಓದುತ್ತೇವೆ. ಈಗ ಉದ್ಯಾನದೊಳಗೆ ರಾತ್ರಿ ತಂಗುವಂತಿಲ್ಲ, ಬೆಳಗ್ಗೆ ಏರಿದವನು ಸಂಜೆಯೊಳಗೆ ಇಳಿಯಲೇಬೇಕು. ಬರೆದವನು ಅಂದು ಸುಳ್ಳು ಹೇಳಲಿಲ್ಲ, ಕಾಲ ಬದಲಾಯಿತು.

ಪರವಾನಗಿಯ ವಿಷಯವೂ ಹಾಗೆಯೇ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಗೇ ಧಾವಿಸಿದ ಬಳಿಕ ಸರ್ಕಾರವು ಮುಂಗಡ ಪರವಾನಗಿಯ ಏರ್ಪಾಡಿಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಅಂತರ್ಜಾಲ ವ್ಯವಸ್ಥೆ ಬಂದು, ಒಂದು ಮಾರ್ಗಕ್ಕೆ ದಿನಕ್ಕೆ ಹೆಚ್ಚೆಂದರೆ 300 ಮಂದಿ ಎಂಬ ಮಿತಿ ಏರ್ಪಟ್ಟಿತು. ಇದಕ್ಕೆ ಹಿಂದಿನ ಪುಸ್ತಕದಲ್ಲಿ ಈ ವಿವರ ಹೇಗೆ ಇದ್ದೀತು? ಆದ್ದರಿಂದ ನಿಯಮಗಳನ್ನು ಅರಣ್ಯ ಇಲಾಖೆಯಿಂದಲೇ ತಿಳಿಯತಕ್ಕದ್ದು. ನೆಲದ ಸ್ವರೂಪವನ್ನು ಪುಸ್ತಕದಿಂದ ತಿಳಿಯತಕ್ಕದ್ದು. ಈ ಎರಡನ್ನೂ ಬೆರೆಸಬಾರದು.

ಎರಡನೆಯದಾಗಿ, ಬರೆದವನು ನಡೆದು ಬರೆದಿದ್ದಾನೆಯೇ ಎಂಬುದನ್ನು ನೋಡಬೇಕು. ಇಂಗ್ಲೆಂಡಿನ ಆಲ್ಫ್ರೆಡ್ ವೇನ್‌ರೈಟ್ ಎಂಬವರು ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ 214 ಬೆಟ್ಟಗಳನ್ನು ಸ್ವತಃ ಏರಿ, ನಕ್ಷೆ, ಚಿತ್ರ, ಅಕ್ಷರಗಳನ್ನೆಲ್ಲ ಕೈಯಿಂದಲೇ ಬರೆದು 1955ರಿಂದ 1966ರವರೆಗೆ ಏಳು ಸಂಪುಟಗಳನ್ನು ಹೊರತಂದರು. ಅವರು ನಗರಸಭೆಯ ಖಜಾಂಚಿ. ಬಿಡುವಿನ ದಿನಗಳಲ್ಲಿ ನಡೆದರು. ಅವರ ಪುಸ್ತಕಗಳು ಇಂದಿಗೂ ಆ ನಾಡಿನಲ್ಲಿ ಪ್ರಮಾಣಗ್ರಂಥಗಳು. ಅಂಥ ಕೃತಿಯನ್ನೂ ಅವರ ಮರಣಾನಂತರ, 2005ರಿಂದ ಮೊದಲ್ಗೊಂಡು, ಕ್ರಿಸ್ ಜೆಸ್ಟಿ ಎಂಬವರು ಮತ್ತೆ ನಡೆದು ನೋಡಿ ಪರಿಷ್ಕರಿಸಬೇಕಾಯಿತು. ಬೆಟ್ಟ ಅಲ್ಲಿಯೇ ಇದ್ದರೂ ಕಾಲುದಾರಿಗಳು ಬದಲಾಗಿದ್ದವು. ನಡೆದು ಬರೆದುದಕ್ಕೂ ಮರುಪರೀಕ್ಷೆ ಬೇಕೆಂದಮೇಲೆ, ಮತ್ತೊಂದು ಪುಸ್ತಕವನ್ನು ನೋಡಿ ನಕಲು ಮಾಡಿದುದಕ್ಕೆ ಬೆಲೆಯೆಷ್ಟು? ನಡೆದವನ ಬರವಣಿಗೆಯನ್ನು ಗುರುತಿಸುವುದು ಕಷ್ಟವಲ್ಲ. ಅವನು ‘ರಮಣೀಯ’, ‘ನಯನಮನೋಹರ’ ಎಂಬ ವಿಶೇಷಣಗಳಲ್ಲಿ ಪುಟ ತುಂಬಿಸುವುದಿಲ್ಲ. ಎಲ್ಲಿ ದಾರಿ ಕವಲೊಡೆಯುತ್ತದೆ, ಕೊನೆಯ ನೀರಿನ ತಾಣ ಯಾವುದು, ಎಲ್ಲಿಂದ ನೆರಳಿಲ್ಲ ಎಂಬುದನ್ನು ಹೇಳುತ್ತಾನೆ.

ಮೂರನೆಯದು ಲೆಕ್ಕದ ಪರೀಕ್ಷೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಒಂದು ಸುಲಭ ಸೂತ್ರವನ್ನು ಕೊಟ್ಟರು. ಸುಮಾರು 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ. ಏರಬೇಕಾದ ಪ್ರತಿ 600 ಮೀಟರ್ ಎತ್ತರಕ್ಕೆ ಮತ್ತೊಂದು ಗಂಟೆ. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತದ ತುದಿ ಸುಮಾರು 13 ಕಿಲೋಮೀಟರ್. ಶಿಖರದ ಎತ್ತರ 1712 ಮೀಟರ್. ಕುಕ್ಕೆ ಘಟ್ಟದ ಬುಡದಲ್ಲಿರುವುದರಿಂದ ಏರಬೇಕಾದುದು ಒಂದೂವರೆ ಸಾವಿರ ಮೀಟರಿಗೂ ಅಧಿಕ. ದೂರಕ್ಕೆ ಎರಡೂವರೆ ಗಂಟೆ, ಎತ್ತರಕ್ಕೆ ಎರಡೂವರೆ ಗಂಟೆ. ವಿಶ್ರಾಂತಿಯಿಲ್ಲದೆ ನಡೆದರೂ ಏರುವುದಕ್ಕೇ ಐದು ಗಂಟೆ ಬೇಕು. ಬೆನ್ನಿನ ಹೊರೆ, ಕರಾವಳಿಯ ಸೆಕೆ, ಅಭ್ಯಾಸವಿಲ್ಲದ ಕಾಲುಗಳು ಇವುಗಳನ್ನು ಸೇರಿಸಿದರೆ ಇನ್ನೂ ಹೆಚ್ಚು. ಹೋಗಿಬರಲು ಆರು ಗಂಟೆ ಸಾಕೆಂದು ಯಾವುದಾದರೂ ಪುಸ್ತಕ ಬರೆದಿದ್ದರೆ ಅದನ್ನು ಅಲ್ಲಿಯೇ ಮುಚ್ಚಿಡುವುದು ಲೇಸು. ದೂರವನ್ನು ಮಾತ್ರ ಹೇಳಿ ಏರಿನ ಎತ್ತರವನ್ನು ಹೇಳದ ಪುಸ್ತಕವೂ ಅರ್ಧ ಸತ್ಯವನ್ನಷ್ಟೇ ಹೇಳಿದಂತೆ.

ನಾಲ್ಕನೆಯದು, ಪುಸ್ತಕವು ನಮ್ಮ ಘಟ್ಟಗಳನ್ನು ಬಲ್ಲುದೇ ಎಂಬುದು. ಹಿಮ, ಕರಡಿ ಮುಂತಾದ ಪರದೇಶದ ಎಚ್ಚರಿಕೆಗಳನ್ನು ಅನುವಾದಿಸಿದರೆ ಇಲ್ಲಿಗೆ ಸಾಲದು. ಕುದುರೆಮುಖದಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ. 1894 ಮೀಟರಿನ ಆ ಶಿಖರದ ಸುತ್ತ ಹುಲ್ಲುಗಾವಲು, ಕಣಿವೆಗಳ ತಗ್ಗಿನಲ್ಲಿ ಶೋಲಾ ಕಾಡು. ಮಂಜು ಕವಿದರೆ ಹತ್ತು ಮಾರು ಮುಂದಿನದು ಕಾಣದು. ಹುಲ್ಲಿನಲ್ಲಿ ಕಾಟಿಗಳು ತುಳಿದ ಹಾದಿಯೂ ಮನುಷ್ಯನ ಹಾದಿಯೂ ಒಂದೇ ತೆರನಾಗಿ ತೋರುತ್ತವೆ. ದಾರಿ ತಪ್ಪಿದವನು ಹಳ್ಳವನ್ನು ಹಿಡಿದು ಇಳಿದರೆ ಊರು ಸಿಕ್ಕೀತೆಂದು ಭಾವಿಸುತ್ತಾನೆ. ಘಟ್ಟದ ಹಳ್ಳವು ಅವನನ್ನು ಜಲಪಾತದ ಅಂಚಿಗೆ ತಲುಪಿಸಬಹುದು. ಇದನ್ನು ಹೇಳದ ಪುಸ್ತಕ ಅಪೂರ್ಣ. ಹಾಗೆಯೇ ಇಂಬಳಕ್ಕೂ ಉಣ್ಣೆಗೂ ಇರುವ ಭೇದವನ್ನು ಅದು ತಿಳಿಸಬೇಕು. ಇಂಬಳ ರಕ್ತ ಹೀರಿ ಬಿದ್ದುಹೋಗುತ್ತದೆ. ಉಣ್ಣೆಯಾದರೋ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಮಂಗನಕಾಯಿಲೆಯನ್ನು ಹರಡಬಲ್ಲುದು. ಚಳಿಗಾಲ ಬೇಸಗೆಗಳಲ್ಲಿ ಅದರ ಭಯ ಅಧಿಕ. ಒಣಹುಲ್ಲಿನ ನಡುವೆ ಬೆಂಕಿ ಕಾಯಿಸಿಕೊಳ್ಳಿರೆಂದು ಉಪದೇಶಿಸುವ ಪುಸ್ತಕವಂತೂ ಕಾಡಿಗೂ ಓದುಗನಿಗೂ ಶತ್ರು.

ಪುಸ್ತಕದೊಡನೆ ನಕ್ಷೆಯೂ ಇರಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗಳಲ್ಲಿ 2 ಸೆಂಟಿಮೀಟರಿಗೆ 1 ಕಿಲೋಮೀಟರ್ ಪ್ರಮಾಣದವು ನಡೆಯುವವರಿಗೆ ಉಪಯುಕ್ತ. ಒಂದೇ ಎತ್ತರದ ಸ್ಥಳಗಳನ್ನು ಜೋಡಿಸುವ ರೇಖೆಗಳು ಅದರಲ್ಲಿರುತ್ತವೆ. ರೇಖೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರವಿದ್ದರೆ ಸೌಮ್ಯ ಇಳಿಜಾರು. ಮೊಬೈಲಿನಲ್ಲಿ ಎಲ್ಲವೂ ಇದೆಯೆಂದು ಮಕ್ಕಳು ಹೇಳಿಯಾರು. ಇರಲಿ, ಆದರೆ ಕಣಿವೆಯಲ್ಲಿ ಸಂಪರ್ಕವಿರುವುದಿಲ್ಲ, ಮಳೆಯಲ್ಲಿ ನೆನೆದ ಯಂತ್ರ ಮಾತನಾಡುವುದಿಲ್ಲ.

ಇಷ್ಟೆಲ್ಲ ಗುಣಗಳು ಒಂದೇ ಪುಸ್ತಕದಲ್ಲಿವೆಯೇ ಎಂದು ಅಂಗಡಿಯಲ್ಲಿ ನಿಂತು ತಿಳಿಯುವುದು ಹೇಗೆಂದು ಓದುಗರು ಕೇಳಬಹುದು. ಸುಲಭೋಪಾಯವೊಂದಿದೆ. ತಾವು ಚೆನ್ನಾಗಿ ಬಲ್ಲ ಸ್ಥಳದ ಪುಟವನ್ನು ಮೊದಲು ತೆರೆಯಿರಿ. ಮಂಗಳೂರಿನವರಾದರೆ ಕದ್ರಿಯ ಗುಡ್ಡದ ಬಗೆಗೆ, ಕಳಸದವರಾದರೆ ಕಳಸದ ಬಗೆಗೆ ಏನು ಬರೆದಿದೆಯೆಂದು ಓದಿರಿ. ಬಲ್ಲ ಊರಿನ ವಿಷಯದಲ್ಲಿ ತಪ್ಪಿದ ಪುಸ್ತಕ, ಅರಿಯದ ಕಾಡಿನ ವಿಷಯದಲ್ಲಿ ಸರಿಯಾಗಿರುತ್ತದೆಂದು ನಂಬಲು ಕಾರಣವಿಲ್ಲ.

ಹೀಗೆ ಆರಿಸಿದ ಪುಸ್ತಕವನ್ನು ಮನೆಯವರೆಲ್ಲರೂ ಕೂಡಿ ಓದಬೇಕು. ಹೋಗುವ ಮಾರ್ಗದ ಪುಟವನ್ನು ಎರಡು ಪ್ರತಿ ಮಾಡಿಸಿ, ಒಂದನ್ನು ಮಕ್ಕಳ ಕೈಯಲ್ಲಿಟ್ಟು ಇನ್ನೊಂದನ್ನು ಮನೆಯಲ್ಲಿ ಇರಿಸಿಕೊಳ್ಳಬೇಕು. ಅದರ ಅಂಚಿನಲ್ಲಿ ಹೊರಡುವ ಗಂಟೆ, ಇಳಿಯುವ ಗಂಟೆ, ಆ ವಲಯದ ಅರಣ್ಯ ಕಚೇರಿಯ ದೂರವಾಣಿ ಸಂಖ್ಯೆ ಇಷ್ಟನ್ನು ಬರೆದಿಡಬೇಕು. ಸಂಜೆಯ ಹೊತ್ತು ಮೀರಿದರೆ ಎಲ್ಲಿ ಹುಡುಕಬೇಕೆಂಬುದು ಹುಡುಕುವವರಿಗೆ ತಿಳಿದಿರಬೇಕಷ್ಟೆ.