ವಿದ್ಯುತ್ ಗಿಟಾರಿನ ಕುದುರೆ ಮತ್ತು ಅದರ ಭೂಸಂಪರ್ಕ

ವೀಣೆಯನ್ನು ಹತ್ತಿರದಿಂದ ಕಂಡವರಿಗೆಲ್ಲ ಅದರ ಕುದುರೆ ಪರಿಚಿತವಾದುದೇ. ತಂತಿಗಳನ್ನು ಬೆನ್ನ ಮೇಲೆ ಹೊತ್ತು, ಅವುಗಳ ಕಂಪನವನ್ನು ವಾದ್ಯದ ಒಡಲಿಗೆ ದಾಟಿಸುವುದು ಅದರ ಕಾರ್ಯ. ಪಾಶ್ಚಾತ್ಯರ ಗಿಟಾರಿನಲ್ಲಿಯೂ ಇಂತಹುದೇ ಒಂದು ಕುದುರೆಯುಂಟು. ವಿದ್ಯುತ್ ಗಿಟಾರಿನಲ್ಲಿ ಈ ಲೋಹದ ಕುದುರೆಗೆ ಇನ್ನೊಂದು ಹೊಣೆಯೂ ಸೇರಿದೆ. ಅಲ್ಲಿಂದ ಹೊರಟ ಒಂದು ತೆಳುವಾದ ವಯರು ಮರದೊಳಗಿನ ಸಣ್ಣ ರಂಧ್ರದಲ್ಲಿ ಸಾಗಿ, ವಾದ್ಯದ ಭೂಸಂಪರ್ಕದೊಡನೆ ಕೂಡಿಕೊಳ್ಳುತ್ತದೆ. ಹೊರಗೆ ಕಾಣದ ಈ ವಯರು ಕಡಿದುಹೋದರೆ ವಾದ್ಯವು ಗುಂಯ್‌ಗುಡತೊಡಗುತ್ತದೆ. ಅದು ಹೋಗಿ ಸೇರುವ ಕಡೆಯ ವ್ಯವಸ್ಥೆಯೇ ಕೆಟ್ಟಿದ್ದರೆ ವಾದಕನ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಈ ಎರಡು ಮಾತುಗಳನ್ನು ವಿಶದಪಡಿಸುವುದೇ ಈ ಕಿರುಲೇಖನದ ಉದ್ದೇಶ. ಮುಂದೆ ‘ತಂತಿ’ ಎಂದರೆ ನುಡಿಸುವ ತಂತಿಯೆಂದೂ, ‘ವಯರು’ ಎಂದರೆ ವಿದ್ಯುತ್ತನ್ನು ಒಯ್ಯುವ ವಯರೆಂದೂ ಓದುಗರು ಗ್ರಹಿಸಬೇಕು.

ನಾದವು ವಿದ್ಯುತ್ತಾಗುವ ಬಗೆ

1930ರ ದಶಕದ ಆರಂಭದಲ್ಲಿ ಅಮೆರಿಕದ ಜಾರ್ಜ್ ಬೀಚಮ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಅವರು ವಿದ್ಯುತ್ ಗಿಟಾರನ್ನು ಮಾರುಕಟ್ಟೆಗೆ ತಂದರು. ಮುಂದೆ ಫೆಂಡರ್ ಸಂಸ್ಥೆಯ ಟೆಲಿಕಾಸ್ಟರ್, 1952ರಲ್ಲಿ ಗಿಬ್ಸನ್ ಸಂಸ್ಥೆಯ ಲೆಸ್ ಪಾಲ್, 1954ರಲ್ಲಿ ಫೆಂಡರ್‌ನ ಸ್ಟ್ರಾಟೋಕಾಸ್ಟರ್ ಬಂದುವು. ಆ ಕಾಲದ ವಾದ್ಯಗಳು ಇಂದು ಸಂಗ್ರಾಹಕರ ಪಾಲಿಗೆ ಅಮೂಲ್ಯ ವಸ್ತುಗಳಾಗಿವೆ.

ಇವುಗಳ ತಂತಿಗಳ ಕೆಳಗೆ ‘ಪಿಕಪ್’ ಎಂಬ ಉಪಕರಣವಿರುತ್ತದೆ. ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ವಯರನ್ನು ಸಾವಿರಾರು ಸುತ್ತು ಸುತ್ತಿರುವುದೇ ಅದರ ರಚನೆ. ಉಕ್ಕಿನ ತಂತಿಯು ಮಿಡಿದಾಗ ಅಯಸ್ಕಾಂತ ಕ್ಷೇತ್ರವು ಏರುಪೇರಾಗಿ, ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆಯವರು ಕಂಡುಹಿಡಿದ ತತ್ತ್ವವೇ ಇದು. ಆಂಪ್ಲಿಫೈಯರ್ ಈ ಅಲ್ಪವನ್ನು ಹಿಗ್ಗಿಸಿ ಸ್ಪೀಕರಿಗೆ ಕಳುಹಿಸುತ್ತದೆ. ಅಲ್ಪವಾದ ನಾದವನ್ನು ಹಿಗ್ಗಿಸುವ ಯಂತ್ರವು ಅಲ್ಪವಾದ ಗದ್ದಲವನ್ನೂ ಹಿಗ್ಗಿಸದೆ ಬಿಡುವುದಿಲ್ಲ. ತೊಂದರೆಯ ಮೂಲವಿರುವುದು ಇಲ್ಲಿಯೇ.

ಗದ್ದಲದ ಎರಡು ಬಗೆಗಳು

ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಬಾರಿಯೂ, ಅಮೆರಿಕದ್ದು 60 ಬಾರಿಯೂ ಆವರ್ತಿಸುತ್ತದೆ. ಕಿವಿಗೆ ಕೇಳುವ ಗುಂಯ್ ಎಂಬ ಸದ್ದಿಗೆ ಇದೇ ಮೂಲ. ಅದು ಗಿಟಾರನ್ನು ಎರಡು ದಾರಿಗಳಿಂದ ಸೇರುತ್ತದೆ. ಟ್ರಾನ್ಸ್‌ಫಾರ್ಮರ್ ಮುಂತಾದವುಗಳ ಅಯಸ್ಕಾಂತ ಕ್ಷೇತ್ರವು ನೇರವಾಗಿ ಸುರುಳಿಯನ್ನು ತಟ್ಟುವುದು ಮೊದಲನೆಯ ದಾರಿ. ಇದಕ್ಕೆ ಕುದುರೆಯ ವಯರು ಮದ್ದಲ್ಲ. ಪರಸ್ಪರ ವಿರುದ್ಧವಾಗಿ ಜೋಡಿಸಿದ ಎರಡು ಸುರುಳಿಗಳ ಪಿಕಪ್ಪೇ ಇದಕ್ಕೆ ಪರಿಹಾರ. ಗಿಬ್ಸನ್ ಸಂಸ್ಥೆಯ ಸೆತ್ ಲವರ್ ಅವರು 1955ರಲ್ಲಿ ಇಂತಹ ಪಿಕಪ್ಪಿಗೆ ಪೇಟೆಂಟ್ ಕೋರಿದರು.

ಎರಡನೆಯ ದಾರಿ ಇನ್ನೂ ಕುತೂಹಲಕರವಾದುದು. ಗೋಡೆಯೊಳಗಿನ ವಯರುಗಳ ಸುತ್ತ ಸದಾ ಒಂದು ವಿದ್ಯುತ್ ಕ್ಷೇತ್ರವಿರುತ್ತದೆ. ಮಾನವ ಶರೀರವು ವಿದ್ಯುದ್ವಾಹಕವಾದ್ದರಿಂದ, ಏನನ್ನೂ ಮುಟ್ಟದಿದ್ದರೂ ಆ ಕ್ಷೇತ್ರದ ಪ್ರಭಾವವು ಶರೀರಕ್ಕೆ ತಗಲುತ್ತದೆ. ವಾದಕನು ವಾದ್ಯವನ್ನು ಮೈಗಾನಿಸಿಕೊಂಡಾಗ ಅವನ ಶರೀರವೇ ಏರಿಯಲ್ಲಿನಂತೆ ವರ್ತಿಸಿ, ಆ ಗದ್ದಲವನ್ನು ಪಿಕಪ್ಪಿಗೆ ದಾಟಿಸುತ್ತದೆ. ಆದರೆ ತಂತಿಗಳು ಭೂಸಂಪರ್ಕ ಹೊಂದಿದ್ದರೆ, ಬೆರಳು ತಂತಿಯನ್ನು ಸೋಕಿದೊಡನೆ ಶರೀರದ ವಿದ್ಯುತ್ ಮಟ್ಟವು ಭೂಮಟ್ಟಕ್ಕೆ ಇಳಿಯುತ್ತದೆ. ಅದುವರೆಗೆ ಗದ್ದಲವನ್ನು ತರುತ್ತಿದ್ದ ಶರೀರವೇ ಆಗ ಅದಕ್ಕೆ ಅಡ್ಡನಿಂತ ತೆರೆಯಾಗುತ್ತದೆ. ಕುದುರೆಗೆ ವಯರನ್ನು ಜೋಡಿಸುವುದರ ಮರ್ಮ ಇಷ್ಟೆ.

ಪರೀಕ್ಷೆ ಮತ್ತು ದುರಸ್ತಿ

ವಾದ್ಯವನ್ನು ಭೂಸಂಪರ್ಕ ಸರಿಯಾಗಿರುವ ಆಂಪ್ಲಿಫೈಯರಿಗೆ ಜೋಡಿಸಿ, ಧ್ವನಿಯನ್ನು ಏರಿಸಿ, ಕೈಯನ್ನು ತಂತಿಗಳಿಂದ ದೂರವಿಟ್ಟು ಆಲಿಸಬೇಕು. ಅನಂತರ ತಂತಿಗಳನ್ನು ಮುಟ್ಟಬೇಕು. ಸದ್ದು ತಗ್ಗಿದರೆ ವಯರು ಸರಿಯಾಗಿದೆ. ತಂತಿಯನ್ನು ಮುಟ್ಟಿದರೆ ತಗ್ಗದೆ, ಕೇಬಲ್ಲಿನ ಪ್ಲಗ್ಗಿನ ಲೋಹವನ್ನು ಮುಟ್ಟಿದಾಗ ಮಾತ್ರ ತಗ್ಗಿದರೆ ಕುದುರೆಯ ವಯರು ಕಡಿದಿದೆ. ತಂತಿ ಮುಟ್ಟಿದಾಗ ಸದ್ದು ಹೆಚ್ಚಿದರೆ ಒಳಗಿನ ವಯರುಗಳು ಅದಲುಬದಲಾಗಿವೆಯೆಂದು ಶಂಕಿಸಬೇಕು. ಮಲ್ಟಿಮೀಟರ್ ಇದ್ದವರು ಕೇಬಲನ್ನು ಕಳಚಿ, ಜ್ಯಾಕಿನ ಹೊರಭಾಗಕ್ಕೂ ತಂತಿಗೂ ನಡುವಿನ ರೋಧವನ್ನು ಅಳೆಯಬಹುದು. ಅದು ಸೊನ್ನೆಯ ಸಮೀಪದಲ್ಲಿರಬೇಕು.

ವಯರಿನ ಸ್ಥಾನವು ಎಲ್ಲ ವಾದ್ಯಗಳಲ್ಲಿಯೂ ಒಂದೇ ಅಲ್ಲ. ಸ್ಟ್ರಾಟೋಕಾಸ್ಟರಿನಲ್ಲಿ ಅದನ್ನು ಹಿಂಬದಿಯ ಗುಳಿಯಲ್ಲಿ ಸ್ಪ್ರಿಂಗುಗಳನ್ನು ಹಿಡಿದಿರುವ ಉಕ್ಕಿನ ಪಟ್ಟಿಗೆ ಬೆಸೆದಿರುತ್ತಾರೆ. ಸ್ಪ್ರಿಂಗುಗಳ ಮೂಲಕವೇ ಸಂಪರ್ಕವು ಕುದುರೆಯನ್ನು ತಲುಪುತ್ತದೆ. ಅನೇಕ ಲೆಸ್ ಪಾಲ್ ವಾದ್ಯಗಳಲ್ಲಿ ಅದು ತಂತಿಗಳ ತುದಿಯನ್ನು ಹಿಡಿದ ಲೋಹದ ಪಟ್ಟಿಯ ಗೂಟವನ್ನು ಸೇರುತ್ತದೆ. ಹಳೆಯ ಟೆಲಿಕಾಸ್ಟರಿನಲ್ಲಿ ಕುದುರೆಯ ಬಳಿಯ ಪಿಕಪ್ಪಿನ ಅಡಿಯಲ್ಲಿರುವ ಲೋಹದ ತಗಡು ಮತ್ತು ಅದರ ತಿರುಪುಗಳೇ ಈ ಕೆಲಸವನ್ನು ನಿರ್ವಹಿಸುತ್ತವೆ. ಆದ್ದರಿಂದ ತಗಡಿಲ್ಲದ ಬೇರೊಂದು ಪಿಕಪ್ಪನ್ನು ಅಲ್ಲಿ ಕೂರಿಸಿದವರು, ತಮಗೆ ಅರಿವಿಲ್ಲದೆಯೇ ಭೂಸಂಪರ್ಕವನ್ನು ಕಡಿದಂತಾಗುತ್ತದೆ.

ಹಳೆಯ ವಾದ್ಯಗಳಲ್ಲಿ ದೋಷಕ್ಕೆ ಕಾರಣ ಸಾಮಾನ್ಯವಾಗಿ ಚಿಕ್ಕದು. ಕುದುರೆಯಡಿ ಅದುಮಿಟ್ಟ ವಯರಿನ ತುದಿಗೆ ಕಿಲುಬು ಹಿಡಿದಿರಬಹುದು, ಬೆಸುಗೆ ಬಿಟ್ಟಿರಬಹುದು, ಹಿಂದೆ ಯಾರೋ ಮಾಡಿದ ದುರಸ್ತಿಯೇ ಅಪೂರ್ಣವಾಗಿರಬಹುದು. ಕಿಲುಬನ್ನು ನಯವಾಗಿ ಉಜ್ಜಿ ತೆಗೆದು, ಬಿಟ್ಟ ಬೆಸುಗೆಯೊಂದನ್ನೇ ಮತ್ತೆ ಕೂಡಿಸಿದರೆ ಸಾಕು. ಉಕ್ಕಿನ ದಪ್ಪ ಪಟ್ಟಿಯು ಶಾಖವನ್ನು ಬೇಗನೆ ಹೀರುವುದರಿಂದ ಸಣ್ಣ ಕಾವಿಗೆ ಬೆಸುಗೆ ಹಿಡಿಯುವುದಿಲ್ಲ. ಮೂಲ ಬೆಸುಗೆಗಳೂ ಬಟ್ಟೆ ಹೊದಿಸಿದ ವಯರುಗಳೂ ಹಳೆಯ ವಾದ್ಯದ ಪ್ರಾಮಾಣ್ಯಕ್ಕೆ ಸಾಕ್ಷಿಗಳು. ಅವುಗಳನ್ನು ಅಕಾರಣವಾಗಿ ಕೀಳುವುದಾಗಲಿ, ಹೊಸ ರಂಧ್ರ ಕೊರೆಯುವುದಾಗಲಿ ಸಲ್ಲದು. ತೆಗೆದ ಬಿಡಿಭಾಗಗಳನ್ನು ವಾದ್ಯದೊಡನೆಯೇ ಕಾದಿರಿಸಬೇಕು.

ವಯರಿನ ಮತ್ತೊಂದು ತುದಿ

ಇಲ್ಲಿಗೆ ವಿಷಯ ಮುಗಿಯಿತೆಂದು ಭಾವಿಸುವುದು ಅಪಾಯಕರ. ಕುದುರೆಯ ವಯರು ಭೂಮಿಯನ್ನು ತಾನಾಗಿಯೇ ಮುಟ್ಟುವುದಿಲ್ಲ. ಅದು ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟನ್ನು ಸೇರುತ್ತದೆ. ಆ ಚೌಕಟ್ಟು ಗೋಡೆಯ ಸಾಕೆಟ್ಟಿನ ಅರ್ಥ್ ಪಿನ್ನಿನ ಮೂಲಕ ಭೂಮಿಯನ್ನು ಸೇರಿದ್ದರೆ ಮಾತ್ರ ಎಲ್ಲವೂ ಕ್ಷೇಮ. ಅಮೆರಿಕದ ಅನೇಕ ಹಳೆಯ ಆಂಪ್ಲಿಫೈಯರುಗಳಿಗೆ ಎರಡೇ ಪಿನ್ನಿನ ಪ್ಲಗ್ಗಿದ್ದು, ವಿದ್ಯುತ್ ಮಾರ್ಗಕ್ಕೂ ಚೌಕಟ್ಟಿಗೂ ನಡುವೆ ಒಂದು ಕೆಪಾಸಿಟರ್ ಇರುತ್ತಿತ್ತು. ಅದು ಸೋರತೊಡಗಿದರೆ ಚೌಕಟ್ಟಿಗೂ, ಅಲ್ಲಿಂದ ತಂತಿಗಳಿಗೂ ವಿದ್ಯುತ್ತು ಹರಿಯುತ್ತದೆ. ಎಡಗೈ ತಂತಿಯ ಮೇಲಿದ್ದು, ಬಲಗೈಯೋ ತುಟಿಯೋ ಭೂಸಂಪರ್ಕವಿರುವ ಮೈಕನ್ನು ಸೋಕಿತೆಂದರೆ ವಿದ್ಯುತ್ತು ಶರೀರದ ಮೂಲಕವೇ ಹಾಯುತ್ತದೆ. ಮೈಕಿನ ಕಡೆಯ ದೋಷದಿಂದಲೂ ಇದೇ ಅನಾಹುತ ಸಂಭವಿಸುತ್ತದೆ. 1972ರ ಮೇ ತಿಂಗಳಿನಲ್ಲಿ ವೇಲ್ಸ್‌ನ ಸ್ವಾನ್ಸಿ ನಗರದಲ್ಲಿ, ಸ್ಕಾಟ್ಲೆಂಡಿನ ಗಿಟಾರ್ ವಾದಕ ಲೆಸ್ ಹಾರ್ವಿಯವರು ವೇದಿಕೆಯ ಮೇಲೆ ಭೂಸಂಪರ್ಕ ಸರಿಯಿಲ್ಲದ ಮೈಕನ್ನು ಮುಟ್ಟಿ ಅಸುನೀಗಿದರು.

ಹಾಗಾದರೆ ಕುದುರೆಯ ವಯರನ್ನೇ ಕತ್ತರಿಸಿಬಿಡಬಾರದೇಕೆ? ಬ್ಯಾಟರಿಯಿಂದ ನಡೆಯುವ ಕೆಲವು ಪಿಕಪ್ಪುಗಳಿಗೆ ಈ ವಯರು ಬೇಕಿಲ್ಲವೆಂಬುದು ನಿಜ. ಹಳೆಯ ವಾದ್ಯದಲ್ಲಿ ಅದನ್ನು ಕತ್ತರಿಸಿದರೆ ಗದ್ದಲ ಮರಳಿ ಬರುತ್ತದೆ. ಪ್ಲಗ್ಗು ಮೊದಲಾದ ಲೋಹದ ಭಾಗಗಳ ಅಪಾಯವಂತೂ ಹಾಗೆಯೇ ಉಳಿಯುತ್ತದೆ. ರೋಗವಿರುವುದು ವಯರಿನಲ್ಲಲ್ಲ, ಅದು ಹೋಗಿ ಸೇರುವಲ್ಲಿ. ಆದುದರಿಂದ ಹಳೆಯ ಆಂಪ್ಲಿಫೈಯರಿಗೆ ಮೂರು ಪಿನ್ನಿನ ಪ್ಲಗ್ಗನ್ನು ತಜ್ಞರಿಂದಲೇ ಹಾಕಿಸಬೇಕು, ಆ ಕೆಪಾಸಿಟರನ್ನು ತೆಗೆಸಬೇಕು. ಅಮೆರಿಕದ ಯಂತ್ರಗಳನ್ನು ನಮ್ಮ 230 ವೋಲ್ಟಿನಲ್ಲಿ ನಡೆಸಲು ಬಳಸುವ ಟ್ರಾನ್ಸ್‌ಫಾರ್ಮರಿನಲ್ಲಿಯೂ ಅರ್ಥ್ ಮುಂದುವರಿದಿದೆಯೇ ಎಂದು ನೋಡಬೇಕು. ಸದ್ದಡಗಿಸುವ ನೆಪದಲ್ಲಿ ಅರ್ಥ್ ಪಿನ್ನನ್ನು ಎಂದಿಗೂ ಮುರಿಯಬಾರದು. ಸಭಾಂಗಣದಲ್ಲಿ 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಸ್ವಿಚ್ಚಿದ್ದರೆ ಒಳಿತು. ನುಡಿಸುವ ಮುನ್ನ, ತಂತಿಗೂ ಮೈಕಿನ ಲೋಹಕ್ಕೂ ನಡುವಿನ ವೋಲ್ಟೇಜನ್ನು ಮೀಟರಿನಿಂದ ಅಳೆದು, ಅದು ಸೊನ್ನೆಯ ಸಮೀಪದಲ್ಲಿದೆಯೆಂದು ಖಚಿತಪಡಿಸಿಕೊಳ್ಳುವುದು ವಿವೇಕದ ಲಕ್ಷಣ.

ಈ ಎಚ್ಚರಿಕೆ ಗಿಟಾರಿಗಷ್ಟೇ ಮೀಸಲಲ್ಲ. ಮೈಕು, ಧ್ವನಿವರ್ಧಕ, ದೀಪಾಲಂಕಾರಗಳಿರುವ ಯಾವ ವೇದಿಕೆಗೂ ಇದು ಸಲ್ಲುವ ಮಾತು. ನಮ್ಮ ಮಕ್ಕಳು ವೇದಿಕೆಯೇರುವ ಮೊದಲು ಆ ಮೂರನೆಯ ಪಿನ್ನು ನಿಜವಾಗಿಯೂ ಭೂಮಿಯನ್ನು ಮುಟ್ಟಿದೆಯೇ ಎಂದು ಹಿರಿಯರೊಬ್ಬರು ಪರೀಕ್ಷಿಸಿದರೆ, ಆ ಕೆಲವು ನಿಮಿಷಗಳ ಶ್ರಮ ಸಾರ್ಥಕವಾದೀತು.