ಮಾಕುಟ್ಟದ ಘಾಟಿಯಲ್ಲಿ ‘ಪ್ರೇಮಲೋಕ’

ವಿರಾಜಪೇಟೆ ದಾಟಿ ಮಾಕುಟ್ಟದ ಘಾಟಿ ಇಳಿಯುವಾಗ ಮೊಬೈಲ್ ಸಿಗ್ನಲ್ ಹೋದರೂ ಚಿಂತೆಯಿಲ್ಲ. ಪೆನ್‌ಡ್ರೈವ್‌ನಲ್ಲಿ ‘ಪ್ರೇಮಲೋಕ’ ಇದೆ!

1987ರ ಸಿನಿಮಾ. ರವಿಚಂದ್ರನ್ ನಿರ್ದೇಶನ, ಹಂಸಲೇಖ ಸಾಹಿತ್ಯ-ಸಂಗೀತ. ‘ಹಳೇ ಪಡ್ಡೆ ಹಾಡು’ ಅಂತ ಮೂಗು ಮುರಿಯೋರು ಮುರೀಲಿ, ನನಗಂತೂ ಪ್ರಾಣ.

ಯಾಕೆ ಗೊತ್ತಾ? ಕಾಲೇಜು ಹುಡುಗ ಹುಡುಗಿಯರ ಜಗಳ, ಕೀಟಲೆ, ಸವಾಲು, ಎಲ್ಲವನ್ನೂ ಹಂಸಲೇಖ ಆಡುಮಾತಲ್ಲೇ ಪಲ್ಲವಿ ಮಾಡಿದರು. ಸಂಭಾಷಣೆಯೇ ಹಾಡಾಯ್ತು. ಡ್ರಮ್ಮು ಶುರುವಾದರೆ ಕಾಲು ತಾನಾಗೇ ತಾಳ ಹಾಕುತ್ತೆ. ಎಸ್‌ಪಿಬಿ ದನಿಯಲ್ಲಿ ತುಂಟತನ, ಎಸ್. ಜಾನಕಿ ದನಿಯಲ್ಲಿ ಬಿಂಕ. ಇಷ್ಟು ಮುಚ್ಚುಮರೆಯಿಲ್ಲದ ಖುಷಿ ಈಗಿನ ಹಾಡುಗಳಲ್ಲಿ ನನಗೆ ಸಿಕ್ಕಿಲ್ಲ.

ಕೂಟುಪುಳ ಸೇತುವೆ ದಾಟಿದರೆ ಕೇರಳ. ಅಷ್ಟರೊಳಗೆ ಇನ್ನೆರಡು ಹಾಡು ಆಗುತ್ತೆ. ಕಿಟಕಿ ಏರಿಸಿ, ಇದು ಪ್ರಾಣಿಗಳಿರೋ ಕಾಡು. ಆಮೇಲೆ ಗಂಟಲು ಬಿಚ್ಚಿ ಹಾಡಿ!