ಹಳೆಯ ಡ್ರೈವ್, ಹೊಸ ಮದರ್‌ಬೋರ್ಡ್

ಕಂಪ್ಯೂಟರಿನ ಮದರ್‌ಬೋರ್ಡ್ ಕೆಟ್ಟಿತೆಂದರೆ ವಿದ್ಯಾರ್ಥಿಯನ್ನು ಮೊದಲು ಕಾಡುವುದು ಹೊಸದರ ಬೆಲೆಯಲ್ಲ. ವರ್ಷವಿಡೀ ಕೂಡಿಟ್ಟ ಟಿಪ್ಪಣಿಗಳು, ಅರ್ಧ ಬರೆದ ಪ್ರಬಂಧ, ಮನೆಯವರ ಭಾವಚಿತ್ರಗಳು ಏನಾದುವೋ ಎಂಬ ಚಿಂತೆ. ಈ ಚಿಂತೆಗೆ ಸಮಾಧಾನವುಂಟು. ಇವು ಯಾವುವೂ ಮದರ್‌ಬೋರ್ಡಿನಲ್ಲಿ ಇರುವುದಿಲ್ಲ. ಹಾರ್ಡ್ ಡಿಸ್ಕ್ ಅಥವಾ ಎಸ್.ಎಸ್.ಡಿ. ಎಂಬ ಡ್ರೈವಿನಲ್ಲಿ ಇರುತ್ತವೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಸಂಗ್ರಹದ ಚಿಪ್ಪುಗಳನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುವುದುಂಟು. ಅವನ್ನು ಬಿಟ್ಟರೆ, ಉಳಿದ ಯಂತ್ರಗಳಲ್ಲಿ ಡ್ರೈವನ್ನು ಕಳಚಿ ಬೇರೊಂದು ಮದರ್‌ಬೋರ್ಡಿಗೆ ಜೋಡಿಸಬಹುದು.

ಹಾಗೆ ಜೋಡಿಸಿದೊಡನೆ ಕಂಪ್ಯೂಟರು ಮೊದಲಿನಂತೆಯೇ ನಡೆಯುವುದೇ? ಬಹುಮಟ್ಟಿಗೆ ನಡೆಯುವುದು, ಒಮ್ಮೊಮ್ಮೆ ಹಟ ಹಿಡಿಯುವುದು. ಏಕೆಂದರೆ ಡ್ರೈವಿನಲ್ಲಿ ನಮ್ಮ ಬರಹಗಳ ಜೊತೆಗೆ ವಿಂಡೋಸ್ ಅಥವಾ ಲಿನಕ್ಸ್‌ನಂಥ ಕಾರ್ಯಾಚರಣ ವ್ಯವಸ್ಥೆಯೂ ನೆಲಸಿದೆ. ಆ ವ್ಯವಸ್ಥೆಗೆ ಹಳೆಯ ಮದರ್‌ಬೋರ್ಡಿನೊಡನೆ ನಾಲ್ಕು ಬಗೆಯ ನಂಟುಗಳಿರಬಹುದು. ಅವನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು ಪ್ರಾರಂಭದ ನಂಟು. ವಿದ್ಯುತ್ತು ಹರಿದೊಡನೆ ಕೆಲಸಕ್ಕೆ ತೊಡಗುವುದು ಮದರ್‌ಬೋರ್ಡಿನ ಚಿಪ್ಪೊಂದರಲ್ಲಿರುವ ಪುಟ್ಟ ಕಾರ್ಯಕ್ರಮ. ೧೯೮೧ರ ಐ.ಬಿ.ಎಂ. ಪಿ.ಸಿ.ಯಲ್ಲಿ ಇದಕ್ಕೆ ಬಯೋಸ್ ಎಂದು ಹೆಸರು. ಅದು ಡಿಸ್ಕಿನ ಮೊಟ್ಟಮೊದಲ ೫೧೨ ಬೈಟುಗಳನ್ನು ಓದಿ, ಅಲ್ಲಿರುವ ಆದೇಶಗಳಿಗೆ ಅಧಿಕಾರವನ್ನು ಒಪ್ಪಿಸಿಬಿಡುತ್ತಿತ್ತು. ಈಗಿನ ಯಂತ್ರಗಳಲ್ಲಿ ಬಯೋಸ್‌ನ ಸ್ಥಾನಕ್ಕೆ ಯು.ಇ.ಎಫ್.ಐ. ಬಂದಿದೆ. ಇದು ಡ್ರೈವಿನಲ್ಲಿ ಮೀಸಲಿಟ್ಟ ಸಣ್ಣದೊಂದು ವಿಭಾಗದಲ್ಲಿ ಪ್ರಾರಂಭದ ಕಡತವನ್ನು ಹುಡುಕುತ್ತದೆ. ಯಾವ ಕಡತವೆಂಬ ಟಿಪ್ಪಣಿಯಾದರೋ ಇರುವುದು ಡ್ರೈವಿನಲ್ಲಲ್ಲ, ಮದರ್‌ಬೋರ್ಡಿನ ನೆನಪಿನಲ್ಲಿ! ಹೊಸ ಮದರ್‌ಬೋರ್ಡಿಗೆ ಆ ಟಿಪ್ಪಣಿಯ ಅರಿವಿರುವುದಿಲ್ಲ. ಆಗ ಅದು ರೂಢಿಯಿಂದ ಗೊತ್ತುಮಾಡಿರುವ ಜಾಗವೊಂದನ್ನು ನೋಡುತ್ತದೆ. ಕಡತವು ಅಲ್ಲಿ ಸಿಕ್ಕರೆ ಕೆಲಸ ಸಾಗುತ್ತದೆ. ಆದರೆ ಹಳೆಯ ಬಯೋಸ್ ಪದ್ಧತಿಯಲ್ಲಿ ಸಿದ್ಧಪಡಿಸಿದ ಡ್ರೈವನ್ನು ಯು.ಇ.ಎಫ್.ಐ. ಮಾತ್ರ ಬಲ್ಲ ಮದರ್‌ಬೋರ್ಡಿಗೆ ಹಾಕಿದರೆ ಅದು ಪ್ರಾರಂಭವಾಗಲಾರದು. ಡ್ರೈವಿನ ವಿಭಾಗಪಟ್ಟಿಯನ್ನು ಹೊಸ ಪದ್ಧತಿಗೆ ಪರಿವರ್ತಿಸುವ ಸಾಧನವು ೨೦೧೭ರಿಂದ ವಿಂಡೋಸ್ ೧೦ರಲ್ಲಿಯೇ ದೊರೆಯುತ್ತಿದೆ.

ಎರಡನೆಯದು ಡ್ರೈವರುಗಳ ನಂಟು. ಡ್ರೈವ್ ಬೇರೆ, ಡ್ರೈವರ್ ಬೇರೆ. ಯಂತ್ರದ ಒಂದೊಂದು ಭಾಗದೊಡನೆ ಮಾತನಾಡಲು ಬೇಕಾದ ದುಭಾಷಿ ಕಾರ್ಯಕ್ರಮಕ್ಕೆ ಡ್ರೈವರ್ ಎನ್ನುತ್ತಾರೆ. ಮದರ್‌ಬೋರ್ಡಿನ ಪಿ.ಸಿ.ಐ. ಉಪಕರಣಗಳಲ್ಲಿ ತಯಾರಕರ ಸಂಖ್ಯೆಯೊಂದು, ಉಪಕರಣದ ಸಂಖ್ಯೆಯೊಂದು ಅಡಕವಾಗಿರುತ್ತದೆ. ಇಂಟೆಲ್ ಸಂಸ್ಥೆಯ ಸಂಖ್ಯೆ ೮೦೮೬; ಅದು ಆ ಸಂಸ್ಥೆಯ ಪ್ರಸಿದ್ಧ ಪ್ರೊಸೆಸರಿನ ಹೆಸರೂ ಹೌದು. ಈ ಸಂಖ್ಯೆಗಳನ್ನು ಕೇಳಿ ತಿಳಿದು ಕಾರ್ಯಾಚರಣ ವ್ಯವಸ್ಥೆಯು ತಕ್ಕ ಡ್ರೈವರನ್ನು ಆರಿಸಿಕೊಳ್ಳುತ್ತದೆ. ಧ್ವನಿಯ ಡ್ರೈವರ್ ಸಿಗದಿದ್ದರೆ ಸದ್ದು ಬರುವುದಿಲ್ಲ, ಅಷ್ಟೆ. ಆದರೆ ಡ್ರೈವನ್ನು ಓದಿಸುವ ನಿಯಂತ್ರಕದ ಡ್ರೈವರ್ ಸಿದ್ಧವಾಗಿಲ್ಲದಿದ್ದರೆ? ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತಾಗುತ್ತದೆ. ೨೦೦೧ರ ವಿಂಡೋಸ್ ಎಕ್ಸ್‌ಪಿ.ಯ ಕಾಲದಲ್ಲಿ ಮದರ್‌ಬೋರ್ಡ್ ಬದಲಿಸಿದವರನ್ನು ನೀಲಿ ಪರದೆಯು ಅನೇಕ ವೇಳೆ ಎದುರುಗೊಳ್ಳುತ್ತಿದ್ದುದು ಇದರಿಂದಲೇ. ಮುಂದೆ ಎ.ಎಚ್.ಸಿ.ಐ., ಎನ್.ವಿ.ಎಂ.ಇ. ಎಂಬ ಸಮಾನ ನಿಯಮಗಳು ಬಂದುವು. ತಯಾರಕರು ಹಲವರಿದ್ದರೂ ಒಂದೇ ಡ್ರೈವರ್ ಸಾಕಾಗುವಂತಾಗಿ ಈ ತೊಂದರೆ ಬಹಳ ತಗ್ಗಿದೆ. ಆದರೂ ಹಳೆಯ ಯಂತ್ರದಲ್ಲಿ ನಿಯಂತ್ರಕವು ರೇಡ್ ವಿಧಾನದಲ್ಲಿತ್ತೋ ಎ.ಎಚ್.ಸಿ.ಐ. ವಿಧಾನದಲ್ಲಿತ್ತೋ ಎಂಬುದನ್ನು ಮೊದಲೇ ಗುರುತಿಟ್ಟುಕೊಳ್ಳುವುದು ಲೇಸು. ಲಿನಕ್ಸ್ ಅಪಾರ ಸಂಖ್ಯೆಯ ಡ್ರೈವರುಗಳನ್ನು ತನ್ನೊಡನೆಯೇ ಹೊತ್ತಿರುವುದರಿಂದ ಸಾಮಾನ್ಯವಾಗಿ ತಕರಾರಿಲ್ಲದೆ ಏಳುತ್ತದೆ.

ಮೂರನೆಯದು ಪರವಾನಗಿಯ ನಂಟು. ವಿಂಡೋಸ್ ತನ್ನ ಪರವಾನಗಿಯನ್ನು ಯಂತ್ರದ ಗುರುತಿಗೆ ಕಟ್ಟಿಹಾಕುತ್ತದೆ. ಮದರ್‌ಬೋರ್ಡ್ ಬದಲಾದರೆ ಅದನ್ನು ಬೇರೆಯೇ ಯಂತ್ರವೆಂದು ಬಗೆಯುವುದುಂಟು. ಅಂಗಡಿಯಲ್ಲಿ ಪ್ರತ್ಯೇಕವಾಗಿ ಕೊಂಡ ಪರವಾನಗಿಯಾದರೆ, ೨೦೧೬ರಿಂದೀಚೆಗೆ, ಅದನ್ನು ಮೊದಲೇ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಟ್ಟು ಬಳಿಕ ಮತ್ತೆ ಊರ್ಜಿತಗೊಳಿಸಬಹುದಾಗಿದೆ. ಯಂತ್ರದೊಡನೆಯೇ ಬಂದ ಪರವಾನಗಿಯು ಸಾಮಾನ್ಯವಾಗಿ ಹಳೆಯ ಮದರ್‌ಬೋರ್ಡಿನೊಡನೆಯೇ ಮುಗಿಯುತ್ತದೆ. ಇದರಿಂದ ಖರ್ಚು ಹೆಚ್ಚೀತೇ ಹೊರತು ಕಡತಗಳಿಗೆ ಹಾನಿಯಿಲ್ಲ.

ನಾಲ್ಕನೆಯ ನಂಟೇ ನಿಜವಾಗಿ ಅಪಾಯಕರವಾದುದು: ಗೂಢಲಿಪಿಯ ನಂಟು. ವಿಂಡೋಸಿನ ಬಿಟ್‌ಲಾಕರ್ ಡ್ರೈವಿನಲ್ಲಿರುವುದನ್ನೆಲ್ಲ ಗೂಢಲಿಪಿಗೆ ಪರಿವರ್ತಿಸಿ, ಅದರ ಕೀಲಿಯನ್ನು ಟಿ.ಪಿ.ಎಂ. ಎಂಬ ಭದ್ರತಾ ಘಟಕದ ವಶಕ್ಕೆ ಒಪ್ಪಿಸುತ್ತದೆ. ಈ ಘಟಕವು ಮದರ್‌ಬೋರ್ಡಿನ ಮೇಲೋ ಪ್ರೊಸೆಸರಿನೊಳಗೋ ಇರುತ್ತದೆ. ಮದರ್‌ಬೋರ್ಡ್ ಬದಲಾದಾಗ ವಿಂಡೋಸ್ ೪೮ ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳುತ್ತದೆ. ಅದು ಕೈಯಲ್ಲಿದ್ದರೆ ನಿಮಿಷದ ಕೆಲಸ. ಇಲ್ಲವಾದರೆ ಎಂಥ ನುರಿತ ದುರಸ್ತಿಗಾರನೂ ನಿರುಪಾಯನು. ೧೨೮ ಬಿಟ್ಟುಗಳ ಗೂಢಲಿಪಿಯಲ್ಲಿ ಸಾಧ್ಯವಿರುವ ಕೀಲಿಗಳ ಸಂಖ್ಯೆಯನ್ನು ಬರೆಯಲು ೩೯ ಅಂಕಿಗಳು ಬೇಕು. ಒಂದೊಂದಾಗಿ ಪ್ರಯತ್ನಿಸಿ ನೋಡುವ ಮಾತೇ ಇಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಏರ್ಪಾಡು ಬಳಕೆದಾರನ ಗಮನಕ್ಕೆ ಬಾರದೆಯೇ ಜಾರಿಗೆ ಬಂದಿರುವುದುಂಟು.

ಹೀಗಿರುವಾಗ ಮಾಡತಕ್ಕುದೇನು? ಹಳೆಯ ಮದರ್‌ಬೋರ್ಡ್ ಇನ್ನೂ ಜೀವಂತವಾಗಿದ್ದರೆ, ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಡ್ರೈವಿಗೆ ಇಳಿಸಿಕೊಳ್ಳಬೇಕು. ಮರುಪ್ರಾಪ್ತಿ ಕೀಲಿಯನ್ನು ಕಾಗದದ ಮೇಲೆ ಬರೆದಿಡಬೇಕು. ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿದು, ಪರವಾನಗಿಯನ್ನು ಖಾತೆಗೆ ಜೋಡಿಸಬೇಕು. ಹೊಸ ಮದರ್‌ಬೋರ್ಡಿನಲ್ಲಿ ಯಂತ್ರವು ಎದ್ದ ಬಳಿಕ ತಯಾರಕರು ಒದಗಿಸುವ ಡ್ರೈವರುಗಳನ್ನು ಹಾಕಿ, ಬಿಟ್‌ಲಾಕರನ್ನು ಮತ್ತೆ ಜಾರಿಗೆ ತರಬೇಕು. ಯಂತ್ರವು ಏಳದಿದ್ದರೂ ಗಾಬರಿಪಡಬೇಕಾಗಿಲ್ಲ. ಅವಸರದಿಂದ ಡ್ರೈವನ್ನು ಅಳಿಸಲೂ ಕೂಡದು. ಅದನ್ನು ಬೇರೊಂದು ಕಂಪ್ಯೂಟರಿಗೆ ಎರಡನೆಯ ಡ್ರೈವಾಗಿ ಜೋಡಿಸಿ ಕಡತಗಳನ್ನು ತೆಗೆದುಕೊಂಡು, ಆಮೇಲೆ ಕಾರ್ಯಾಚರಣ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಬಹುದು.

ಮದರ್‌ಬೋರ್ಡ್ ಹೇಳಿ ಕೇಳಿ ಕೆಡುವುದಿಲ್ಲ. ಆದುದರಿಂದ ವಿಂಡೋಸ್ ಬಳಸುವ ಓದುಗರು ತಮ್ಮ ಡ್ರೈವಿಗೆ ಬಿಟ್‌ಲಾಕರ್ ಬಿದ್ದಿದೆಯೇ, ಅದರ ಕೀಲಿ ತಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆಯೇ ಎಂಬುದನ್ನು, ಯಂತ್ರವು ಸುಸ್ಥಿತಿಯಲ್ಲಿರುವ ಈ ದಿನವೇ ನೋಡಿಕೊಳ್ಳುವುದು ಒಳ್ಳೆಯದು.